ಕಾಯುವ ಕೀಲು, ಕಾಯಲಾರದ ಮೂಳೆ

ಆಸ್ಪತ್ರೆಯ ಲೆಕ್ಕಪತ್ರಗಳಲ್ಲಿ ಭಾಷೆಯ ಅಧ್ಯಾಪಕನಿಗೇನು ಕೆಲಸವೆಂದು ಕೆಲವರು ಕೇಳಬಹುದು. ಅಂಕಿಗಳನ್ನು ವಿಂಗಡಿಸುವುದು ಶಬ್ದಗಳೇ. ಶಬ್ದ ಜಾರಿದರೆ ಅಂಕಿಯ ಅರ್ಥವೂ ಜಾರುತ್ತದೆ. ಇಂಗ್ಲೆಂಡಿನ ಮೂಳೆ ಶಸ್ತ್ರಚಿಕಿತ್ಸೆಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ.

ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾಯಿತು. ಅದರ ವೆಚ್ಚವನ್ನು ಬಹುಮಟ್ಟಿಗೆ ತೆರಿಗೆಯ ಹಣವೇ ಭರಿಸುತ್ತದೆ. ಮೂಳೆಯ ರೋಗಿಗಳಿಗೆ ಅಲ್ಲಿ ಎರಡು ಸಾಲುಗಳು. ಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಂಡ ವೃದ್ಧೆಯದು ತುರ್ತಿನ ಸಾಲು. 36 ಗಂಟೆಗಳೊಳಗೆ ಶಸ್ತ್ರಕ್ರಿಯೆ ನಡೆಯಬೇಕೆಂಬುದು ಗುರಿ. ಕೀಲು ಸವೆದು ನಡೆಯಲಾರದವಳದು ಇನ್ನೊಂದು ಸಾಲು; ಅದರ ಹೆಸರು ‘ಎಲೆಕ್ಟಿವ್’. ದಿನವನ್ನು ಮೊದಲೇ ಗೊತ್ತುಮಾಡಬಹುದಾದದ್ದು ಎಂಬಷ್ಟೇ ವೈದ್ಯರ ಅಭಿಪ್ರಾಯ. ಆದರೆ ರೋಗಿಯೇ ಇಚ್ಛೆಪಟ್ಟು ಆಯ್ದುಕೊಂಡದ್ದು ಎಂಬ ಧ್ವನಿಯೂ ಆ ಶಬ್ದದಲ್ಲಿದೆ.

ಈ ಎರಡನೆಯ ಸಾಲು ಬೆಳೆದುದಕ್ಕೆ ಮುಖ್ಯ ಕಾರಣಗಳು ಎರಡು. ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಉಕ್ಕಿನ ಪುಟ್ಟ ಗುಂಡು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ಹೊರಳುವಂಥ ಕೃತಕ ಸೊಂಟದ ಕೀಲನ್ನು ರೂಢಿಗೆ ತಂದರು. ಜನರ ಆಯುಸ್ಸು ಹೆಚ್ಚಿದ್ದು ಎರಡನೆಯ ಕಾರಣ. ಒಮ್ಮೆ ಅಪೂರ್ವವಾಗಿದ್ದ ಚಿಕಿತ್ಸೆ ನಿತ್ಯದ ಕೆಲಸವಾಯಿತು. ಕೃತಕ ಕೀಲುಗಳ ರಾಷ್ಟ್ರೀಯ ದಾಖಲೆ 2003ರಲ್ಲಿ ಆರಂಭವಾಯಿತು.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣವಾಗಿ, ತುರ್ತಲ್ಲದ ಶಸ್ತ್ರಕ್ರಿಯೆಗಳನ್ನು ಕನಿಷ್ಠ ಮೂರು ತಿಂಗಳು ಮುಂದೂಡುವಂತೆ ಆಸ್ಪತ್ರೆಗಳಿಗೆ ಸೂಚನೆ ಹೋಯಿತು. ಆ ವರ್ಷ ಸೊಂಟ, ಮಂಡಿಗಳ ಕೀಲು ಬದಲಾವಣೆಯ ಸಂಖ್ಯೆ ಹಿಂದಿನ ವರ್ಷದ ಸುಮಾರು ಅರ್ಧಕ್ಕಿಳಿಯಿತು. ಮೂಳೆ ಮುರಿದು ಬಂದ ವೃದ್ಧರ ಸಂಖ್ಯೆ ಹಾಗೆ ಇಳಿಯಲಿಲ್ಲ. ಮುದುಕರು ಬೀಳುವುದು ಹೆಚ್ಚಾಗಿ ಮನೆಯೊಳಗೇ. ಊರೆಲ್ಲ ಬಾಗಿಲು ಮುಚ್ಚಿದರೂ ಅದು ನಿಲ್ಲುವುದಿಲ್ಲ.

ಅರ್ಧಕ್ಕಿಳಿದ ಆ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಕೀಲುಗಳ ಸವೆತ ಆ ವರ್ಷ ಕಡಿಮೆಯಾಗಿರಲಿಲ್ಲ. ಮಾಡದೆ ಉಳಿದ ಕೆಲಸ ಬೇರೊಂದು ಪುಸ್ತಕಕ್ಕೆ ವರ್ಗವಾಗಿತ್ತು. ಎಲ್ಲ ಬಗೆಯ ಯೋಜಿತ ಚಿಕಿತ್ಸೆಗಳೂ ಸೇರಿ, ಕಾಯುವವರ ಪಟ್ಟಿಯ ನಮೂದುಗಳು 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿದ್ದವು. ಅದರ ದೊಡ್ಡ ಪಾಲುಗಳಲ್ಲೊಂದು ಮೂಳೆ-ಕೀಲುಗಳದು. 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ನಿಯಮವಿದ್ದರೂ ಬಹು ಮಂದಿ ಅದಕ್ಕಿಂತ ಹೆಚ್ಚು ಕಾಲ ಕಾದರು.

ಇಂಥ ಪರಿಭಾಷೆಯನ್ನು ಕನ್ನಡಕ್ಕೆ ತರುವಾಗ ‘ಐಚ್ಛಿಕ ಶಸ್ತ್ರಚಿಕಿತ್ಸೆ’ ಎಂದು ಬರೆಯುವುದು ಸುಲಭ. ಆದರೆ ಮೆಟ್ಟಿಲು ಹತ್ತಲಾರದೆ ವರ್ಷಗಟ್ಟಲೆ ಕುಳಿತವಳು ಯಾವುದನ್ನು ಇಚ್ಛಿಸಿದಳು? ‘ಯೋಜಿತ’ ಎಂಬುದೇ ಲೇಸೆಂದು ನನ್ನ ಭಾವನೆ. ಹಾಗೆಂದಾಗ, ಯೋಜಿಸಬೇಕಾದವರು ಯಾರು, ಯಾವ ದಿನಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.