ಕಾಣುವ ಒತ್ತು, ಕೇಳುವ ಒತ್ತು

ಚನ್ನಪಟ್ಟಣ ಸೀಮೆಯ ಬೈರಾಪಟ್ಟಣದ ಹೆಸರನ್ನು ಬರೆದರೆ ಐದು ಅಕ್ಷರ: ಬೈ, ರಾ, ಪ, ಟ್ಟ, ಣ. ಆದರೆ ಹೇಳುವಾಗ ನಾಲಿಗೆ ಅದನ್ನು ಬೇರೆ ರೀತಿ ಒಡೆಯುತ್ತದೆ: ಬೈ-ರಾ-ಪಟ್-ಟ-ಣ. ಒತ್ತಕ್ಷರದ ಮೊದಲ ಭಾಗ ಹಿಂದಿನ ‘ಪ’ಕಾರಕ್ಕೆ ಅಂಟಿಕೊಂಡು ಅದನ್ನು ಗುರುವಾಗಿಸುತ್ತದೆ. ಗುರುವಿಗೆ 2 ಮಾತ್ರೆ, ಲಘುವಿಗೆ 1. ಛಂದಸ್ಸಿನ ಲೆಕ್ಕದಲ್ಲಿ ಈ ಹೆಸರು 8 ಮಾತ್ರೆಗಳದ್ದು.

ಕನ್ನಡದ ಕಿವಿ ಪಳಗಿರುವುದು ಈ ಅಳತೆಗೆ. ‘ಕತೆ’ ಎನ್ನುವಲ್ಲಿ ‘ತ’ಕಾರದ ಮೇಲೆ ತುಸು ನಿಂತರೆ ‘ಕತ್ತೆ’ ಆಗಿಬಿಡುತ್ತದೆ. ಆದರೆ ಯಾವ ಅಕ್ಷರವನ್ನು ಗಟ್ಟಿಯಾಗಿ ಹೇಳಿದೆವು ಎಂಬುದರಿಂದ ಅರ್ಥ ಕೆಡುವುದಿಲ್ಲ.

ಇಂಗ್ಲಿಷಿನ ದಾರಿಯೇ ಬೇರೆ. ‘ರೆಕಾರ್ಡ್’ ಎಂಬ ಪದದಲ್ಲಿ ಒತ್ತು ಮೊದಲ ಭಾಗಕ್ಕೆ ಬಿದ್ದರೆ ಅದು ದಾಖಲೆ, ಎರಡನೆಯದಕ್ಕೆ ಬಿದ್ದರೆ ದಾಖಲಿಸು. ಈ ಒತ್ತು ಬರಹದಲ್ಲಿ ಕಾಣುವುದೇ ಇಲ್ಲ.

ಸಮಾಸ ವಿಶೇಷಣಗಳಲ್ಲಿ ತೊಡಕು ಇನ್ನೂ ಹೆಚ್ಚು. ಕನ್ನಡದಲ್ಲಿ ಎರಡು ಪದ ಕೂಡಿದರೆ ಬೆಸುಗೆ ಹಲವೆಡೆ ಅಕ್ಷರದಲ್ಲೇ ಕಾಣುತ್ತದೆ: ಮಳೆ, ಕಾಲ ಸೇರಿ ‘ಮಳೆಗಾಲ’. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಧಿ, ಸಮಾಸಗಳಿಗೆ ಪ್ರತ್ಯೇಕ ಪ್ರಕರಣಗಳನ್ನೇ ಮೀಸಲಿಟ್ಟಿದೆ. ಇಂಗ್ಲಿಷಿನಲ್ಲಿ ಅಕ್ಷರಗಳು ಇದ್ದಂತೆಯೇ ಇರುತ್ತವೆ, ಬೆಸುಗೆ ಇರುವುದು ಒತ್ತಿನಲ್ಲಿ. ‘ಹೋಮ್‌ಸಿಕ್’ ಎಂಬಲ್ಲಿ ಒತ್ತು ಮೊದಲ ಪದದ ಮೇಲೆ. ‘ಓಲ್ಡ್-ಫ್ಯಾಷನ್ಡ್’, ‘ವೆಲ್-ನೋನ್’ ಎಂಬಲ್ಲಿ ಎರಡನೆಯದರ ಮೇಲೆ. ನಡುವಿನ ಅಡ್ಡಗೆರೆ ಪದಗಳನ್ನು ಕೂಡಿಸುತ್ತದೆಯೇ ಹೊರತು ಒತ್ತು ಎಲ್ಲಿ ಎಂದು ಹೇಳುವುದಿಲ್ಲ.

ಅಷ್ಟಕ್ಕೇ ಮುಗಿಯದು. ‘ಆತ ವೆಲ್-ನೋನ್’ ಎಂದಾಗ ‘ನೋನ್’ ಮೇಲಿದ್ದ ಒತ್ತು, ‘ವೆಲ್-ನೋನ್ ಸಿಂಗರ್’ ಎಂದಾಗ ‘ವೆಲ್’ ಕಡೆಗೆ ಸರಿಯುತ್ತದೆ. ಕಾರಣ ಸರಳ. ‘ಸಿಂಗರ್’ ಪದದ ಮೊದಲ ಭಾಗಕ್ಕೂ ಒತ್ತು ಬೇಕು. ಎರಡು ಬಲವಾದ ಒತ್ತುಗಳು ಅಕ್ಕಪಕ್ಕ ಬರುವುದನ್ನು ಇಂಗ್ಲಿಷ್ ತಪ್ಪಿಸಿಕೊಳ್ಳುತ್ತದೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಆರಂಭವಾದದ್ದು 2007ರಲ್ಲಿ. ಅಕ್ಷರ, ಕಾಗುಣಿತ, ವ್ಯಾಕರಣ ಕಲಿತ ಎಷ್ಟೋ ಮಕ್ಕಳು ದೊಡ್ಡವರಾದ ಮೇಲೆ ಸಂದರ್ಶನದ ಕೋಣೆಯಲ್ಲಿ ಬಾಯಿಬಿಡಲು ಅಳುಕುತ್ತಾರೆ. ಎಲ್ಲ ಅಕ್ಷರಗಳಿಗೂ ಸಮಪಾಲು ಕೊಟ್ಟು ಆಡುವ ಅವರ ಇಂಗ್ಲಿಷನ್ನು ನಗೆಯಾಡುವವರೂ ಉಂಟು. ಅದು ದಡ್ಡತನವಲ್ಲ, ತಾಯ್ನುಡಿ ಕಲಿಸಿದ ಶಿಸ್ತು. ಅದರ ಮೇಲೆ ಇನ್ನೊಂದು ಶಿಸ್ತನ್ನು ಕಲಿಯಬೇಕು, ಅಷ್ಟೇ. ಉಚ್ಚಾರಣೆ ಕೊಡುವ ಇಂಗ್ಲಿಷ್ ನಿಘಂಟುಗಳಲ್ಲಿ ಒತ್ತು ಬೀಳುವ ಭಾಗದ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ನಿಲುವು ಗೆರೆ ಇರುತ್ತದೆ. ಮಕ್ಕಳಿಗೆ ಪದದ ಅರ್ಥದ ಜತೆಗೆ ಆ ಗೆರೆಯನ್ನೂ ತೋರಿಸಿಕೊಡುವುದು ಕಷ್ಟದ ಕೆಲಸವೇನಲ್ಲ.