ನಾಯಿಮರಿ ತರುವ ಮುನ್ನ...

ಪರೀಕ್ಷೆ ಮುಗಿಯಿತು, ಇನ್ನು ನಾಯಿಮರಿ ಬೇಕೆಂದು ಮಕ್ಕಳ ಹಠ. ಮನೆಯಲ್ಲೊಬ್ಬರಿಗೋ ಅಲರ್ಜಿ. ‘ಕೂದಲು ಉದುರದ ಪೂಡಲ್ ತಂದರಾಯಿತು’ ಎನ್ನುವವರಿದ್ದಾರೆ. ಅಷ್ಟು ಸುಲಭವೆ?

ಸೀನು, ಉಬ್ಬಸಕ್ಕೆ ಕಾರಣ ಕೂದಲಲ್ಲ. ನಾಯಿಯ ಜೊಲ್ಲು, ಮೂತ್ರ, ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಗಿಡ್ಡ ಕೂದಲಿನ ನಮ್ಮ ಮುಧೋಳ ನಾಯಿಯೂ ಇದಕ್ಕೆ ಹೊರತಲ್ಲ. ‘ಅಲರ್ಜಿ ತಾರದ’ ತಳಿಗಳೆಂದು ಹೆಸರಾದ ನಾಯಿಗಳಿದ್ದ ಮನೆಗಳ ಧೂಳಿನಲ್ಲೂ ಈ ಪ್ರೋಟೀನು ಕಡಿಮೆಯೇನೂ ಇರಲಿಲ್ಲವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಿಳಿಸಿತು.

ಆದ್ದರಿಂದ ತಳಿಯನ್ನಲ್ಲ, ನಾಯಿಯನ್ನೇ ನೋಡಿ ಆರಿಸಿ. ಒಂದೇ ತಳಿಯ ಎರಡು ನಾಯಿಗಳಲ್ಲೂ ವ್ಯತ್ಯಾಸವಿರುತ್ತದೆ. ತರಬೇಕೆಂದಿರುವ ನಾಯಿಯೊಡನೆ ಅಲರ್ಜಿ ಇರುವವರು ನಾಲ್ಕಾರು ಬಾರಿ ಕಾಲ ಕಳೆಯಲಿ. ಉಬ್ಬಸವಿದ್ದರೆ ಮೊದಲು ವೈದ್ಯರನ್ನು ಕೇಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಯ ಬೂಷ್ಟೂ ಸೀನು ತರಿಸೀತು!

ತಂದ ಮೇಲೆ ವಾರಕ್ಕೆರಡು ಬಾರಿ ನಾಯಿಯ ಶಾಂಪೂ ಹಾಕಿ ಸ್ನಾನ ಮಾಡಿಸಿ. ಮಲಗುವ ಕೋಣೆಗೆ ಬಿಡಬೇಡಿ. ಮನೆಮದ್ದೆಂದು ಬೆಳ್ಳುಳ್ಳಿ ತಿನ್ನಿಸಬೇಡಿ, ನಾಯಿಗೆ ಅದು ವಿಷ. ರೇಬೀಸ್ ಲಸಿಕೆಗೆ ಯಾವ ಸೊಪ್ಪೂ ಬದಲಿಯಲ್ಲ.

ಸೀನು ನಿಲ್ಲಲಿಲ್ಲವೆಂದು ಜೂನ್ ಮಳೆಯಲ್ಲಿ ಮರಿಯನ್ನು ಬಿಜೈ ಮಾರುಕಟ್ಟೆಯ ಬಳಿ ಬಿಟ್ಟುಬರುವುದಕ್ಕಿಂತ, ಮೇ ತಿಂಗಳಲ್ಲೇ ನಾಲ್ಕು ದಿನ ಕಾದು ನೋಡುವುದು ಲೇಸಲ್ಲವೆ?