ಅಧ್ಯಾಯ 4: ಕಂತಿಗೊಂದು ಯೋಜನೆ

‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದವರಿಗೆ ಬಾಲಕ ಸ್ವಾಮಿಯ ಮನೆ, ಬೀದಿ, ರೈಲು ನಿಲ್ದಾಣ ಎಲ್ಲವೂ ಒಂದೇ ಊರಿನವು. ಚಿತ್ರೀಕರಣ ತಂಡಕ್ಕೆ ಹಾಗಿರಲಿಲ್ಲ. ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರನ್ನು ನಿರ್ದೇಶಕ ಶಂಕರ್ ನಾಗ್ ಆಗುಂಬೆಯಲ್ಲಿ ಕಂಡರು. ಕಲಾ ನಿರ್ದೇಶಕ ಜಾನ್ ದೇವರಾಜ್ ಅದಕ್ಕೆ ಹಳೆಯ ಕಾಲದ ರೂಪ ಕೊಟ್ಟರು. ಆದರೆ ಆಗುಂಬೆಗೆ ರೈಲಿಲ್ಲ. ಮಾಲ್ಗುಡಿಯ ನಿಲ್ದಾಣ ಸಿಕ್ಕಿದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ. ಮನೆಯಿಂದ ಹೊರಟ ಪಾತ್ರ ಮರುಕ್ಷಣ ಪ್ಲಾಟ್‌ಫಾರ್ಮಿನಲ್ಲಿ ಕಾಣಿಸಿಕೊಳ್ಳಬೇಕಾದರೆ, ಆ ಎರಡು ಕ್ಷಣಗಳ ನಡುವೆ ಇಡೀ ತಂಡ ಘಟ್ಟದ ಮೇಲಿನ ರಸ್ತೆಯಲ್ಲಿ ಗಂಟೆಗಟ್ಟಲೆ ಸಾಗಬೇಕು.

ನೋಡುಗರು ಕಂತನ್ನು ಕಥೆಯ ಕ್ರಮದಲ್ಲಿ ನೋಡುತ್ತಾರೆ. ತಂಡ ಅದನ್ನು ಜಾಗದ ಕ್ರಮದಲ್ಲಿ ಚಿತ್ರಿಸುತ್ತದೆ. ಒಂದು ಕ್ರಮವನ್ನು ಬಿಡಿಸಿ ಇನ್ನೊಂದಕ್ಕೆ ಒಗ್ಗಿಸುವುದೇ ಯೋಜನೆಯ ಕೆಲಸ.

ಮೊದಲು ಅಳತೆ

ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ನಿಗದಿತ ವಿನ್ಯಾಸದಲ್ಲಿ ಬೆರಳಚ್ಚಾದ ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬುದು ರೂಢಿಯ ಅಂದಾಜು. ಪ್ರತಿ ಪುಟವನ್ನು ಎಂಟು ಭಾಗ ಮಾಡಿ, ಈ ದೃಶ್ಯ ಎಂಟನೆಯ ಎರಡು ಭಾಗ, ಅದು ಒಂದೂವರೆ ಪುಟ ಎಂದು ಗುರುತಿಸುತ್ತಾರೆ. ಇಷ್ಟಾದರೆ ಕಂತಿನ ಉದ್ದ ಗೊತ್ತಾಗುತ್ತದೆ, ಶ್ರಮ ಗೊತ್ತಾಗುವುದಿಲ್ಲ.

‘ಮಳೆಯಲ್ಲಿ ತೊಯ್ದ ಹುಡುಗ ತಡವಾಗಿ ತರಗತಿಗೆ ಬರುತ್ತಾನೆ’ ಎಂಬ ದೃಶ್ಯವನ್ನೇ ನೋಡಿ. ಬರೆದದ್ದು ಒಂದೇ ಸಾಲು. ಬೇಕಾಗುವುದು ಒಬ್ಬ ಮೇಷ್ಟ್ರು, ಬೆಂಚು ತುಂಬ ಮಕ್ಕಳು, ಮಳೆ ಬಾರದಿದ್ದರೆ ನೀರಿನ ಟ್ಯಾಂಕರು, ಹುಡುಗನಿಗೆ ಒಂದೇ ಬಗೆಯ ಮೂರ್ನಾಲ್ಕು ಜೊತೆ ಬಟ್ಟೆ. ಒಂದು ಟೇಕ್ ಕೆಟ್ಟರೆ ಅವನನ್ನು ಒರೆಸಿ, ಒಣಬಟ್ಟೆ ತೊಡಿಸಿ, ಮತ್ತೆ ತೋಯಿಸಬೇಕು. ಜಗುಲಿಯಲ್ಲಿ ಇಬ್ಬರು ಕುಳಿತು ಆಡುವ ಮೂರು ಪುಟದ ಮಾತು ಇದಕ್ಕಿಂತ ಬೇಗ ಮುಗಿದೀತು. ಆದ್ದರಿಂದ ಪ್ರತಿ ದೃಶ್ಯಕ್ಕೂ ಒಂದು ವಿಂಗಡಣೆ ಹಾಳೆ ಇರುತ್ತದೆ: ಜಾಗ, ಹೊತ್ತು, ಪಾತ್ರಧಾರಿಗಳು, ಉಡುಪು, ಪರಿಕರ, ವಾಹನ, ವಿಶೇಷ ಏರ್ಪಾಟು.

ಪಟ್ಟಿಗಳ ಆಟ

ಹಾಳೆಗಳು ಸಿದ್ಧವಾದ ಮೇಲೆ ದೃಶ್ಯಕ್ಕೊಂದು ಬಣ್ಣದ ಪಟ್ಟಿ ಮಾಡಿ ಹಲಗೆಯ ಮೇಲೆ ಜೋಡಿಸುವುದು ಹಳೆಯ ಪದ್ಧತಿ. ಹಗಲಿನ ಒಳಾಂಗಣಕ್ಕೆ ಬಿಳಿ, ಹಗಲಿನ ಹೊರಾಂಗಣಕ್ಕೆ ಹಳದಿ, ರಾತ್ರಿಯ ಒಳಾಂಗಣಕ್ಕೆ ನೀಲಿ, ರಾತ್ರಿಯ ಹೊರಾಂಗಣಕ್ಕೆ ಹಸಿರು. ಈಗ ಕಂಪ್ಯೂಟರ್ ಪರದೆಯ ಮೇಲೂ ಇದೇ ನಡೆಯುತ್ತದೆ. ಒಂದೇ ಮನೆಯ ದೃಶ್ಯಗಳೆಲ್ಲ ಒಟ್ಟಿಗೆ ಸೇರಬೇಕು. ಹಿರಿಯ ನಟರ ಕಾಲ್‌ಶೀಟ್ ಎರಡೇ ದಿನಕ್ಕಿದ್ದರೆ ಅವರ ದೃಶ್ಯಗಳು ಆ ಎರಡು ದಿನದಲ್ಲೇ ಅಡಕವಾಗಬೇಕು. ರಾತ್ರಿ ಚಿತ್ರೀಕರಣದ ಮರುದಿನ ಬೆಳಗ್ಗೆ ಆರಕ್ಕೆ ಯಾರನ್ನೂ ಕರೆಯುವಂತಿಲ್ಲ.

ಮಕ್ಕಳಿದ್ದರೆ ಕಾನೂನೂ ಹಲಗೆಗೆ ಬರುತ್ತದೆ. 2017ರ ಕೇಂದ್ರ ನಿಯಮಗಳ ಪ್ರಕಾರ ಬಾಲಕಲಾವಿದರ ದುಡಿಮೆ ದಿನಕ್ಕೆ 5 ಗಂಟೆ ದಾಟುವಂತಿಲ್ಲ. ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿದ್ದ ಕಾಲದಲ್ಲಿ ಈ ನಿಯಮಗಳಿರಲಿಲ್ಲ. ಇಂದು ಅಂಥ ಕಂತನ್ನು ಯೋಜಿಸುವವರು ಮಗುವಿನ 5 ಗಂಟೆಯನ್ನು ಮೊದಲು ಗುರುತಿಟ್ಟು, ಉಳಿದದ್ದನ್ನು ಅದರ ಸುತ್ತ ಹೊಂದಿಸುತ್ತಾರೆ.

ಹೀಗೆ ಕಥೆ ಚೂರಾದಾಗ ಕಾಡುವುದು ಕಂಟಿನ್ಯೂಟಿ. ಹನ್ನೆರಡನೆಯ ದೃಶ್ಯದಲ್ಲಿ ಬಿದ್ದು ಮೊಣಕೈ ತರಚಿಕೊಳ್ಳುವ ಹುಡುಗನ ಹದಿನೈದನೆಯ ದೃಶ್ಯ ಅದಕ್ಕಿಂತ ಮೊದಲೇ ಚಿತ್ರಿತವಾಗಬಹುದು. ಆಗ ಇನ್ನೂ ಆಗದ ಗಾಯವನ್ನು ಮೊದಲೇ ಬರೆದು, ಯಾವ ಕೈ, ಎಷ್ಟು ಉದ್ದ ಎಂದು ದಾಖಲಿಸಬೇಕು.

ಮಳೆಗೊಂದು ಜಾಗ

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಹೊರಾಂಗಣ ದೃಶ್ಯವನ್ನು ನೆಚ್ಚಿ ಕೂರಲಾಗದು. ಬೀದಿಯ ದೃಶ್ಯವಿರುವ ದಿನಕ್ಕೆ ಅದೇ ನಟರ ಒಂದು ಒಳಾಂಗಣ ದೃಶ್ಯವನ್ನು ಕಾಯ್ದಿಡುವುದು ಅನುಭವಿಗಳ ಕ್ರಮ. ಮೋಡ ಕವಿದರೆ ತಂಡ ಒಳಗೆ ಹೋಗುತ್ತದೆ, ದಿನ ಕೈತಪ್ಪುವುದಿಲ್ಲ. ಖರ್ಚಿನ ಬಹುಪಾಲು ದಿನದ ಲೆಕ್ಕದಲ್ಲೇ ಏರುತ್ತದೆ: ಕ್ಯಾಮೆರಾ ಬಾಡಿಗೆ, ದೀಪ, ವಾಹನ, ಊಟ, ವಸತಿ, ದಿನಗೂಲಿ. ಒಂದು ದಿನ ಉಳಿಸಿದರೆ ಅವೆಲ್ಲ ಒಟ್ಟಿಗೆ ಉಳಿಯುತ್ತವೆ. ದಿನನಿತ್ಯದ ಧಾರಾವಾಹಿಗಳು ಹಲವು ಕಂತುಗಳ ಅಡುಗೆಮನೆ ದೃಶ್ಯಗಳನ್ನು ಒಂದೇ ಬೀಸಿನಲ್ಲಿ, ಎರಡು ಮೂರು ಕ್ಯಾಮೆರಾಗಳಲ್ಲಿ ಚಿತ್ರಿಸಿ, ಕೆಲವು ಕಂತುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುವುದೂ ಇದಕ್ಕೇ.

ಇಷ್ಟಾದರೂ ಯೋಜನೆ ಹಾಗೆಯೇ ನಡೆಯುವುದು ಅಪರೂಪ. ಸಂಜೆ ನಾಲ್ಕಕ್ಕೆ ಮೂರು ದೃಶ್ಯ ಬಾಕಿ, ಬೆಳಕು ಎರಡಕ್ಕಷ್ಟೇ ಸಾಲುತ್ತದೆ ಎಂಬ ಹೊತ್ತು ಹೆಚ್ಚು ಕಡಿಮೆ ಎಲ್ಲ ತಂಡಗಳಿಗೂ ಬರುತ್ತದೆ. ಯಾವ ದೃಶ್ಯವಿಲ್ಲದೆ ಕಥೆ ನಿಲ್ಲದು, ಯಾವುದನ್ನು ಒಂದೇ ಶಾಟ್‌ನಲ್ಲಿ ಮುಗಿಸಬಹುದು, ಯಾವುದನ್ನು ಬಿಟ್ಟರೂ ಯಾರಿಗೂ ಕೊರತೆ ಕಾಣದು ಎಂಬುದನ್ನು ಮೊದಲೇ ತೂಗಿ ಬರೆದಿಟ್ಟ ನಿರ್ದೇಶಕರು ಅಲ್ಲಿ ಗಾಬರಿಯಾಗುವುದಿಲ್ಲ. ಬರೆದಿಡದವರ ಕಂತಿನಲ್ಲಿ ಆ ತೀರ್ಮಾನ ಸೂರ್ಯನದಾಗುತ್ತದೆ.